ಚರ್ಚಿನ ದಾಖಲೆಗಳಲ್ಲಿ ಪೂರ್ವಜರ ಹುಡುಕಾಟ: ಬೆಟಗೇರಿಯ 1879ರ ಒಂದು ದೀಕ್ಷಾಸ್ನಾನ

ಬೆಟಗೇರಿ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತವರುಮನೆಯಲ್ಲಿ ಒಂದು ಹಳೆಯ ಕನ್ನಡ ಬೈಬಲ್ ಇದೆ. ಅದರ ರಟ್ಟಿನ ಒಳಬದಿಯಲ್ಲಿ ಕಂದುಬಣ್ಣಕ್ಕೆ ತಿರುಗಿದ ಮಸಿಯಲ್ಲಿ ನಮ್ಮ ಮುತ್ಯಾನ ಅಪ್ಪನ ಹೆಸರೂ ಅದರ ಕೆಳಗೆ ‘ದೀಕ್ಷಾಸ್ನಾನ, ಬೆಟಗೇರಿ, 1879’ ಎಂಬ ಒಂದು ಸಾಲೂ ಇವೆ. ಮನೆತನದ ಹೆಸರನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ದೀಕ್ಷಾಸ್ನಾನಕ್ಕೆ ಮೊದಲು ಅವರಿಗಿದ್ದ ಹೆಸರು ‘ಯ’ಕಾರದಿಂದ ಆರಂಭವಾಗುತ್ತದೆ ಎಂದಷ್ಟೇ ಹೇಳಬಲ್ಲೆ. ಅವರು ನೇಕಾರರ ಮನೆಯ ಹುಡುಗನಾಗಿದ್ದರೆಂದೂ ದೊಡ್ಡ ಬರದಲ್ಲಿ ಹೆತ್ತವರನ್ನು ಕಳೆದುಕೊಂಡರೆಂದೂ ನಮ್ಮ ಅಜ್ಜಿ ಹೇಳುತ್ತಿದ್ದರು. ಹೋದ ವರ್ಷ ಅಜ್ಜಿಯೂ ತೀರಿಕೊಂಡರು. ಕೇಳಿ ತಿಳಿದುಕೊಳ್ಳಲು ಇನ್ನು ಮನೆಯಲ್ಲಿ ಯಾರೂ ಉಳಿದಿಲ್ಲ.

ಮೂರು ತಿಂಗಳಿನಿಂದ ಫ್ಯಾಮಿಲಿಸರ್ಚ್ ತಾಣದಲ್ಲಿ ಭಾರತದ ಜನನ ಮತ್ತು ದೀಕ್ಷಾಸ್ನಾನಗಳ 1786ರಿಂದ 1947ರವರೆಗಿನ ಸೂಚಿಯನ್ನು ಹುಡುಕುತ್ತಿದ್ದೇನೆ. ಹಣ ಕೊಟ್ಟು ನೋಡುವ ಇನ್ನೊಂದು ತಾಣಕ್ಕೂ ಒಂದು ತಿಂಗಳ ಚಂದಾ ಕಟ್ಟಿದೆ. ಏನೂ ಸಿಗಲಿಲ್ಲ. ನಾನು ಹುಡುಕುವ ರೀತಿ ತಪ್ಪೋ, ಅವರ ಹೆಸರು ಅಲ್ಲಿ ಇಲ್ಲವೇ ಇಲ್ಲವೋ ಎಂಬುದನ್ನು ತಿಳಿದವರು ಹೇಳಿದರೆ ದೊಡ್ಡ ಉಪಕಾರವಾಗುತ್ತದೆ.

ಹಳೇ ದಂಡು

ತಂಗಿ, ನಿಮ್ಮ ಹುಡುಕುವ ರೀತಿಯಲ್ಲಿ ತಪ್ಪಿಲ್ಲ, ಹುಡುಕುತ್ತಿರುವ ಜಾಗ ಬೇರೆಯಾಗಬೇಕು. ನಾನು ಬೆಂಗಳೂರಿನ ದಂಡುಪ್ರದೇಶದ (ಕಂಟೋನ್ಮೆಂಟಿನ) ಮನೆತನಗಳ ಬಗ್ಗೆ ಬಹಳ ವರ್ಷಗಳಿಂದ ಇದೇ ದಾಖಲೆಗಳನ್ನು ಓದುತ್ತ ಬಂದವನು. ಆ ಸೂಚಿಯಲ್ಲಿರುವುದು ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ಕಂಪನಿ ಸರ್ಕಾರದ ಕಾಲದಿಂದ, ಪ್ರತಿ ಪ್ರಾಂತದ ಚರ್ಚುಗಳ ಪಾದ್ರಿಗಳು ತಾವು ನಡೆಸಿದ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರಗಳ ಪಟ್ಟಿಯನ್ನು ತಮ್ಮ ದಾಖಲೆಪುಸ್ತಕದಿಂದ ನಕಲು ಮಾಡಿ ಪ್ರಾಂತದ ರಾಜಧಾನಿಗೆ ಕಳುಹಿಸುತ್ತಿದ್ದರು. ಅಲ್ಲಿ ಅವನ್ನು ಸಂಪುಟಗಳಾಗಿ ಕಟ್ಟಿ, ಹೆಸರುಗಳ ಸೂಚಿ ಮಾಡಿ, ಲಂಡನ್ನಿಗೆ ರವಾನಿಸುತ್ತಿದ್ದರು. ಆ ಸಂಪುಟಗಳು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ‘ಎನ್’ ಸರಣಿಯಾಗಿವೆ. ಎನ್/1 ಬಂಗಾಳದ್ದು, 1698ರಿಂದ ಆರಂಭವಾಗುವ ಎನ್/2 ಮದ್ರಾಸಿನದು, 1709ರಿಂದ ಆರಂಭವಾಗುವ ಎನ್/3 ಮುಂಬಯಿಯದು. ಮೂರೂ 1948ರವರೆಗೆ ಬರುತ್ತವೆ. ಅವುಗಳ ಮೈಕ್ರೋಫಿಲ್ಮ್ ತೆಗೆಯಲಾಯಿತು, ಫಿಲ್ಮ್ ನೋಡಿ ಸೂಚಿ ತಯಾರಾಯಿತು, 2014ರಲ್ಲಿ ಫೈಂಡ್‌ಮೈಪಾಸ್ಟ್ ತಾಣ ಪುಟಗಳ ಚಿತ್ರಗಳನ್ನೇ ಹಾಕಿತು. ಅಂದರೆ ನೀವು ಪರದೆಯ ಮೇಲೆ ಓದುವ ಹೆಸರು ನಕಲಿನ ನಕಲು. ಗುಮಾಸ್ತನೊಬ್ಬ ಒಮ್ಮೆ ತಪ್ಪು ಓದಿದರೆ, ಆ ತಪ್ಪು ನೂರೈವತ್ತು ವರ್ಷ ಪ್ರಯಾಣ ಮಾಡಿ ನಮ್ಮ ಕೈಗೆ ಬಂದಿರುತ್ತದೆ.

ಇನ್ನು ಮುಖ್ಯ ಮಾತು. ಆ ಪಟ್ಟಿ ಹೋಗುತ್ತಿದ್ದುದು ಸರ್ಕಾರಕ್ಕೆ. ಸರ್ಕಾರಕ್ಕೆ ಬೇಕಾಗಿದ್ದದ್ದು ತನ್ನ ಸೈನಿಕರು, ನೌಕರರು, ಅವರ ಹೆಂಡತಿ ಮಕ್ಕಳು, ಪಿಂಚಣಿ ಮತ್ತು ವಾರಸುದಾರಿಕೆಯ ಲೆಕ್ಕ. ಆದ್ದರಿಂದ ಅದರಲ್ಲಿ ಹೆಚ್ಚಾಗಿ ಇರುವವರು ಯುರೋಪಿಯನ್ನರು ಮತ್ತು ಆಂಗ್ಲೋ ಇಂಡಿಯನ್ನರು. ಮಿಷನ್ ಸಭೆಗಳ ಕನ್ನಡ ಕ್ರೈಸ್ತರು ಅದರಲ್ಲಿ ಸಿಗುವುದು ಬಹಳ ವಿರಳ. ಬೆಟಗೇರಿಯ ನೇಕಾರರ ಹುಡುಗನ ಹೆಸರನ್ನು ಲಂಡನ್ನಿಗೆ ಕಳುಹಿಸುವ ಅಗತ್ಯ ಯಾರಿಗೂ ಇರಲಿಲ್ಲ. ಅದರಿಂದ ಅವರ ದಾಖಲೆಯೇ ಇಲ್ಲವೆಂದಾಗುವುದಿಲ್ಲ. ಅದು ಅವರನ್ನು ತನ್ನವರೆಂದು ಎಣಿಸಿದ ಸಭೆಯ ಪುಸ್ತಕದಲ್ಲಿರಬೇಕು.

ಓದುವ ಇತರರಿಗಾಗಿ ಇದನ್ನೂ ಸೇರಿಸುತ್ತೇನೆ. ಇಂದಿನ ಕರ್ನಾಟಕದ ನಕ್ಷೆ ಇಟ್ಟುಕೊಂಡು ಈ ಸಂಪುಟಗಳಲ್ಲಿ ಹುಡುಕಬಾರದು. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತದಲ್ಲಿದ್ದವು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದವು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರಿಂದ, ಕಾರವಾರದಲ್ಲಿ ಹುಟ್ಟಿದ ಅಣ್ಣ ಎನ್/2ರಲ್ಲಿಯೂ ಅದೇ ಮನೆಯಲ್ಲಿ ಹುಟ್ಟಿದ ತಮ್ಮ ಎನ್/3ರಲ್ಲಿಯೂ ಇರುವುದು ಸಾಧ್ಯ. ಮೈಸೂರು ಬೇರೆ ಸಂಸ್ಥಾನವಾಗಿದ್ದರೂ ಬೆಂಗಳೂರು ದಂಡಿನ ಚರ್ಚುಗಳ ಪಟ್ಟಿ ಹೋಗುತ್ತಿದ್ದುದು ಮದ್ರಾಸಿಗೆ. ಇದೊಂದನ್ನು ತಿಳಿಯದೆ ನಾನು ಮೊದಲ ವರ್ಷವಿಡೀ ತಪ್ಪು ಸಂಪುಟಗಳನ್ನು ತಿರುವಿದೆ.

ಬಲ್ಮಠದ ಓದುಗ

ಹಳೇ ದಂಡಿನವರು ಹೇಳಿದ್ದು ಸರಿ. ಬೆಟಗೇರಿ ಎಂದ ಕೂಡಲೇ ಬಾಸೆಲ್ ಮಿಷನ್ನಿನ, ಅಂದರೆ ಹೆಚ್ಚಾಗಿ ಜರ್ಮನ್ ಪಾದ್ರಿಗಳೇ ಇದ್ದ ಸ್ವಿಸ್ ಕ್ರೈಸ್ತ ಸಂಸ್ಥೆಯ, ಕಡೆಗೆ ನೋಡಬೇಕು. ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ ಎಂದು ಒಂದೊಂದೇ ನೆಲೆಯನ್ನು ಸ್ಥಾಪಿಸಿದರು. ಬೆಟಗೇರಿ ಮತ್ತು ಗುಳೇದಗುಡ್ಡ ಎರಡೂ ಮಗ್ಗಗಳ ಊರುಗಳು. 1876ರಿಂದ 1878ರವರೆಗಿನ ಬರದಲ್ಲಿ ಅನಾಥರಾದ ಮಕ್ಕಳನ್ನು ಅನೇಕ ಮಿಷನ್‌ಗಳು ಸಾಕಿದವು. 1879ರ ದೀಕ್ಷಾಸ್ನಾನ, ನೇಕಾರರ ಮನೆ, ಬರದಲ್ಲಿ ತೀರಿಕೊಂಡ ಹೆತ್ತವರು ಎಂಬ ಮೂರೂ ಸಂಗತಿಗಳು ಒಂದಕ್ಕೊಂದು ಹೊಂದುತ್ತವೆ. ನಿಮ್ಮ ಅಜ್ಜಿಯ ಮಾತನ್ನು ನಾನಾದರೆ ನಂಬುತ್ತೇನೆ.

ಮಿಷನ್ನಿನ ಕಾಗದಪತ್ರಗಳು ಇಂದು ಒಂದೇ ಕಡೆ ಇಲ್ಲ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿ ಮಿಷನ್ 21 ಸಂಸ್ಥೆಯ ಬಳಿ ಮೂಲ ದಫ್ತರವಿದೆ. ಅದರ ಛಾಯಾಚಿತ್ರಗಳನ್ನೂ ನಕ್ಷೆಗಳನ್ನೂ ಮನೆಯಲ್ಲೇ ಕುಳಿತು ಅಂತರಜಾಲದಲ್ಲಿ ನೋಡಬಹುದು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿಯೂ ಒಂದು ಸಂಗ್ರಹವಿದೆ. ಆದರೆ ದೀಕ್ಷಾಸ್ನಾನದ ಪುಸ್ತಕವೆಂಬುದು ಸಾಮಾನ್ಯವಾಗಿ ಆಯಾ ಸಭೆಯ ಬೀರುವಿನಲ್ಲೇ ಉಳಿದಿರುತ್ತದೆ. 1914ರಲ್ಲಿ ಯುದ್ಧ ಆರಂಭವಾಗಿ ಜರ್ಮನ್ ಮಿಷನರಿಗಳನ್ನು ಸೆರೆಯಲ್ಲಿಟ್ಟು ಆಮೇಲೆ ದೇಶದಿಂದ ಕಳುಹಿಸಿದ ಕಾಲದಲ್ಲಿ ಪುಸ್ತಕಗಳು ಕೈಯಿಂದ ಕೈಗೆ ಹೋದವು. ಎಲ್ಲ ಊರುಗಳಲ್ಲಿಯೂ ಅವು ಉಳಿದಿಲ್ಲ. ನಾನು ನೋಡಲು ಹೋದ ಒಂದು ಸಭೆಯಲ್ಲಿ ಪುಸ್ತಕದ ಮೊದಲ ನಲವತ್ತು ಪುಟಗಳನ್ನು ಗೆದ್ದಲು ತಿಂದಿತ್ತು. ಉಳಿದ ಪುಟಗಳನ್ನು ಅಲ್ಲಿನ ಹಿರಿಯರೊಬ್ಬರು ಬಟ್ಟೆಯಲ್ಲಿ ಸುತ್ತಿ, ನಡುನಡುವೆ ಬೇವಿನ ಎಲೆಯಿಟ್ಟು ಕಾಪಾಡಿದ್ದರು.

ಈಗ ಹೆಸರಿನ ವಿಚಾರ. ಇದನ್ನು ದಯವಿಟ್ಟು ಗಮನವಿಟ್ಟು ಓದಿ, ಏಕೆಂದರೆ ‘ಯ’ಕಾರ ಎಂದು ನೀವು ಬರೆದಿದ್ದೀರಿ. ಜರ್ಮನರು ‘ಯ’ ಧ್ವನಿಯನ್ನು ಬರೆಯುವುದು ಇಂಗ್ಲಿಷರು ‘ಜೆ’ ಎನ್ನುವ ಅಕ್ಷರದಿಂದ. ಯಲ್ಲಪ್ಪ ಎಂಬ ಹೆಸರು ಅವರ ಕೈಯಲ್ಲಿ, ಇಂದಿನವರು ಓದಿದರೆ ‘ಜೆಲ್ಲಪ್ಪ’ ಎನ್ನುವಂತೆ ಕಾಣುತ್ತದೆ. ‘ವ’ಕಾರಕ್ಕೆ ಅವರು ‘ಡಬ್ಲ್ಯು’ ಬರೆಯುತ್ತಾರೆ. ‘ಚ’ಕಾರಕ್ಕೆ ‘ಟಿ, ಎಸ್, ಸಿ, ಎಚ್’ ಎಂಬ ನಾಲ್ಕು ಅಕ್ಷರಗಳು ಬೇಕು, ಹಾಗಾಗಿ ಚನ್ನಪ್ಪನನ್ನು ‘ಟಿ’ ಅಕ್ಷರದ ಕೆಳಗೂ ಹುಡುಕಬೇಕಾಗುತ್ತದೆ. ಕನ್ನಡದ ಕಿವಿ ಇಲ್ಲದೆ ಹೀಗೆ ಬರೆದರೆಂದು ತಿಳಿಯಬೇಡಿ. 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಬಂದದ್ದೂ ಇದೇ ಮಿಷನ್ನಿನಿಂದಲೇ. ಊರಿಗೆ ಕಳುಹಿಸುವ ಪತ್ರ ಮತ್ತು ಪಟ್ಟಿಗಳಲ್ಲಿ ಅವರು ಊರಿನವರು ಓದುವಂತೆ ಬರೆದರು, ಅಷ್ಟೇ. ಬೆಟಗೇರಿಯನ್ನು ಕೂಡ ‘ಬೆಟ್ಟಿಗೇರಿ’ ಎಂದು ಹುಡುಕಿ ನೋಡಿ.

ಕೈಬರಹ ಇನ್ನೊಂದು ತೊಡಕು. ಆ ಕಾಲದ ಜರ್ಮನ್ ಬರಹವನ್ನು ಕುರ್ರೆಂಟ್ ಎನ್ನುತ್ತಾರೆ. ಅದರಲ್ಲಿ ‘ಇ’ (e) ಅಕ್ಷರ ನೋಡಲು ‘ಎನ್’ (n) ಇದ್ದಂತೆಯೇ ಇರುತ್ತದೆ. ‘ಯು’ (u) ಮತ್ತು ‘ಎನ್’ ಅಕ್ಷರಗಳನ್ನು ಬೇರ್ಪಡಿಸಲು ‘ಯು’ ಮೇಲೆ ಸಣ್ಣ ಕೊಕ್ಕೆಯೊಂದನ್ನು ಎಳೆಯುತ್ತಾರೆ. ನಾನು ಒಂದು ಪುಟವನ್ನು ಓದಲು ಮೊದಲು ಎರಡು ದಿನ ತೆಗೆದುಕೊಂಡೆ. ಅಕ್ಷರಮಾಲೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ನಿಮಗೆ ಮೊದಲೇ ಗೊತ್ತಿರುವ ಪದಗಳಿಂದ, ಅಂದರೆ ತಿಂಗಳುಗಳ ಹೆಸರು ಮತ್ತು ಊರಿನ ಹೆಸರುಗಳಿಂದ ಆರಂಭಿಸಿದರೆ ಆ ಕೈಯ ವಾಡಿಕೆ ಬೇಗ ಹಿಡಿತಕ್ಕೆ ಬರುತ್ತದೆ.

ಬೆಟಗೇರಿ ಮೊಮ್ಮಗಳು

ಇಬ್ಬರು ಹಿರಿಯರಿಗೂ ಹೃತ್ಪೂರ್ವಕ ವಂದನೆಗಳು. ‘ಜೆ’ ಅಕ್ಷರದ ಮಾತು ಓದಿ ಮೈ ಜುಮ್ಮೆಂದಿತು, ಏಕೆಂದರೆ ನಮ್ಮ ಸೋದರಮಾವನವರ ಹಳೆಯ ಶಾಲಾ ಕಾಗದದಲ್ಲಿ ಮುತ್ಯಾನ ಹೆಸರಿನ ಮುಂದಿದ್ದ ‘ಜೆ’ ಎಂಬ ಇನಿಶಿಯಲ್ ಯಾವುದೆಂದು ಇದುವರೆಗೆ ಯಾರಿಗೂ ತಿಳಿದಿರಲಿಲ್ಲ. ಈಗ ಎರಡು ಸಂದೇಹಗಳಿವೆ. ದೀಕ್ಷಾಸ್ನಾನದ ಪುಸ್ತಕ ಸಿಕ್ಕಿದರೂ, ಕ್ರೈಸ್ತರಲ್ಲದ ಅವರ ತಂದೆತಾಯಿಯ ಹೆಸರು ಅದರಲ್ಲಿ ಇರುತ್ತದೆಯೇ? ಸಭಾಪಾಲಕರಿಗೆ ಪತ್ರ ಬರೆಯುವುದಾದರೆ ಏನೆಂದು ಬರೆಯಬೇಕು?

ಬಲ್ಮಠದ ಓದುಗ

ತಂದೆಯ ಹೆಸರು ಇರಬಹುದು, ಇಲ್ಲದೆಯೂ ಇರಬಹುದು. ಅನಾಥ ಮಗುವಾದರೆ ಹೆಚ್ಚಿನ ಭರವಸೆ ಇಟ್ಟುಕೊಳ್ಳಬೇಡಿ. ಆದರೆ ಅವರ ಮದುವೆಯನ್ನು ಹುಡುಕಿ. 1872ರ ಕ್ರೈಸ್ತ ವಿವಾಹ ಕಾಯ್ದೆ ಬಂದ ಮೇಲೆ ಮದುವೆಯ ದಾಖಲೆಗೆ ನಿಗದಿಯಾದ ನಮೂನೆಯಲ್ಲಿ ವಧೂವರರ ತಂದೆಯ ಹೆಸರಿಗೆಂದೇ ಒಂದು ಅಂಕಣವಿದೆ, ಸಾಕ್ಷಿಗಳ ಸಹಿಯೂ ಇರುತ್ತದೆ. ಹುಡುಗನಾಗಿ ದೀಕ್ಷೆ ಪಡೆದವರು ಹತ್ತು ಹದಿನೈದು ವರ್ಷಗಳ ನಂತರ ಮದುವೆಯ ದಿನ ತಮ್ಮ ಬಾಯಿಂದಲೇ ತಂದೆಯ ಹೆಸರು ಹೇಳಿ ಬರೆಸಿರುತ್ತಾರೆ. ನನ್ನ ಅನುಭವದಲ್ಲಿ ಸಾಕ್ಷಿಗಳ ಸಾಲು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಬಳಗವಿಲ್ಲದವನ ಮದುವೆಗೆ ಸಾಕ್ಷಿಯಾಗಿ ನಿಂತವರು ಯಾರೋ ದಾರಿಹೋಕರಾಗಿರುವುದಿಲ್ಲ.

ಪತ್ರ ಚಿಕ್ಕದಾಗಿರಲಿ. ಧಾರವಾಡ ಸೀಮೆಯ ಈ ಸಭೆಗಳು ಈಗ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಕರ್ನಾಟಕ ಉತ್ತರ ಸಭಾಪ್ರಾಂತಕ್ಕೆ ಸೇರಿವೆ. ಹೆಸರು, ವರ್ಷ, ನಿಮಗೂ ಅವರಿಗೂ ಇರುವ ಸಂಬಂಧ, ಬೈಬಲಿನ ಆ ಸಾಲಿನ ಒಂದು ಚಿತ್ರ, ಇಷ್ಟು ಸಾಕು. ‘ನಮ್ಮ ವಂಶದ ದಾಖಲೆಗಳನ್ನೆಲ್ಲ ಕಳುಹಿಸಿ’ ಎಂದು ಬರೆಯಬೇಡಿ. ಹಬ್ಬದ ದಿನಗಳನ್ನೂ ಭಾನುವಾರವನ್ನೂ ಬಿಟ್ಟು, ಅವರಿಗೆ ಅನುಕೂಲವಾದ ದಿನ ನಾನೇ ಬಂದು ಹುಡುಕುತ್ತೇನೆ ಎಂದು ಬರೆಯಿರಿ. ಪುಸ್ತಕವನ್ನು ಬಲವಂತವಾಗಿ ಬಿಡಿಸಿ ಹೊಲಿಗೆ ಹರಿಯದಂತೆ ಎಚ್ಚರವಹಿಸಿ.

ಮಿಲಾಗ್ರಿಸ್ ಬಳಿಯವರು

ನಮ್ಮದು ಮಂಗಳೂರಿನ ಕಥೋಲಿಕ ಕುಟುಂಬ. ನಮ್ಮ ಇಗರ್ಜಿಗಳ (ಚರ್ಚುಗಳ) ಪುಸ್ತಕಗಳ ಭಾಷೆ ಬೇರೆಯಾದ್ದರಿಂದ ಎರಡು ಮಾತು ಸೇರಿಸುತ್ತೇನೆ. ಗೋವೆಯ ಪಾದ್ರಿಗಳ ಕಾಲದ ಪುಟಗಳು ಪೋರ್ತುಗೀಸಿನಲ್ಲಿಯೂ ನಂತರದವು ಲ್ಯಾಟಿನ್ನಿನಲ್ಲಿಯೂ ಇರುತ್ತವೆ. ಲ್ಯಾಟಿನ್ನಿನಲ್ಲಿ ಹೆಸರಿಗೆ ವಿಭಕ್ತಿ ಹತ್ತುತ್ತದೆ. ‘ಜುವಾಂವನ ಮಗ’ ಎನ್ನಲು ‘ಜೊವಾನ್ನಿಸ್’ ಎಂದು ಬರೆದಿರುತ್ತಾರೆ. ಸೂಚಿ ಮಾಡುವವರು ತಂದೆಯ ಹೆಸರೇ ಜೊವಾನ್ನಿಸ್ ಎಂದು ಹಾಕಿಬಿಡುತ್ತಾರೆ. ‘ರಾಮನ ಮಗ’ ಎಂದದ್ದನ್ನು ಓದಿ ತಂದೆಯ ಹೆಸರು ‘ರಾಮನ’ ಎಂದಂತೆ ಇದು.

ಇನ್ನೊಂದು ತಪ್ಪು ನಾನೇ ಮಾಡಿದ್ದು. ತಿಂಗಳಿನ ಜಾಗದಲ್ಲಿ ‘7’ ಎಂದು ಬರೆದು ಅದರ ಮುಂದೆ ‘ಬ್ರಿಸ್’ ಎಂಬ ತುದಿ ಹಚ್ಚಿದ್ದರು. ಏಳನೆಯ ತಿಂಗಳು, ಜುಲೈ, ಎಂದು ಬರೆದುಕೊಂಡೆ. ಅದು ಸೆಪ್ಟೆಂಬರ್. ಲ್ಯಾಟಿನ್ನಿನಲ್ಲಿ ಸೆಪ್ತೆಮ್ ಎಂದರೆ ಏಳು. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್. ಈ ತಪ್ಪಿನಿಂದಾಗಿ ನನ್ನ ಮುತ್ತಜ್ಜಿ ಹುಟ್ಟುವುದಕ್ಕಿಂತ ಮೊದಲೇ ಅವರಿಗೆ ಜ್ಞಾನಸ್ನಾನ (ನೀವೆನ್ನುವ ದೀಕ್ಷಾಸ್ನಾನ) ಆದಂತೆ ಆಗಿತ್ತು. ಅದರಿಂದಲೇ ಎಲ್ಲೋ ತಪ್ಪಿದೆ ಎಂದು ತಿಳಿಯಿತು.

1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಗರ್ಜಿಗಳೂ ನೆಲಸಮವಾದವು. ಜನ ಮರಳಿ ಬಂದದ್ದು 1799ರ ನಂತರ. ಆದ್ದರಿಂದ ಅದಕ್ಕಿಂತ ಹಿಂದಿನ ಸಾಲು ನಮ್ಮಲ್ಲಿ ಬಹಳ ಮನೆಗಳಿಗೆ ಸಿಗುವುದಿಲ್ಲ. ಆದರೆ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರಿಡುವ ಪದ್ಧತಿ ನಮ್ಮಲ್ಲಿದ್ದುದರಿಂದ, ಸಿಕ್ಕಿದ ಮೊದಲ ಪುಟದಲ್ಲಿ ಹಿರಿಯ ಮೊಮ್ಮಗನ ಹೆಸರು ನೋಡಿ ಅಜ್ಜನ ಹೆಸರನ್ನು ಊಹಿಸಬಹುದು. ಊಹೆ ಎಂದೇ ಬರೆದಿಟ್ಟುಕೊಳ್ಳಬೇಕು.

ಫ್ರೇಜರ್ ಟೌನ್ ಮಗಳು

ನನ್ನ ಕಷ್ಟ ಇದಕ್ಕೆ ತಿರುಗುಮುರುಗು. ನಾವು ಆಂಗ್ಲೋ ಇಂಡಿಯನ್ನರು. ಹಳೇ ದಂಡಿನವರು ಹೇಳಿದ ಎನ್/2 ಸಂಪುಟಗಳಲ್ಲಿ ತಂದೆಯ ಕಡೆಯ ಆರು ತಲೆಮಾರು ಸಲೀಸಾಗಿ ಸಿಕ್ಕಿತು. ತಂದೆಯ ಹೆಸರು, ಪಲ್ಟನ್ನು, ಹುದ್ದೆ, ಮಗು ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ಪಾದ್ರಿಯ ಸಹಿ ಎಲ್ಲವೂ ಇದೆ. 1820ರ ದಶಕದ ಆ ಒಂದು ಸಾಲಿನಲ್ಲಿ ತಾಯಿಯ ಜಾಗದಲ್ಲಿರುವುದು ‘ನೇಟಿವ್ ಹೆಂಗಸು’ ಎಂಬ ಎರಡೇ ಪದ. ಆಕೆಗೆ ಹೆಸರಿಲ್ಲ. ಅದೇ ಪುಟದಲ್ಲಿ ಇನ್ನಿಬ್ಬರು ಮಕ್ಕಳ ತಾಯಂದಿರಿಗೂ ಹೆಸರಿಲ್ಲ. ನಾನು ಆ ಪುಟವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಆಕೆ ಕನ್ನಡದವಳೋ, ತಮಿಳಿನವಳೋ, ತೆಲುಗಿನವಳೋ ಎಂದು ಕೂಡ ತಿಳಿಯುವಂತಿಲ್ಲ. ನಾನು ಮಾತನಾಡುವ ಕನ್ನಡ ಆಕೆಯಿಂದ ಬಂದಿರಬಹುದು ಎಂಬ ಆಸೆ ಮಾತ್ರ ಇದೆ.

ಅಂತರಜಾಲದಲ್ಲಿ ಯಾರೋ ಹಾಕಿರುವ ನಮ್ಮ ವಂಶವೃಕ್ಷದಲ್ಲಿ ಆಕೆಗೆ ಒಂದು ಇಂಗ್ಲಿಷ್ ಹೆಸರನ್ನು ಕೊಟ್ಟಿದ್ದಾರೆ. ಅದಕ್ಕೆ ಆಧಾರ ಕೇಳಿದರೆ ಇನ್ನೊಂದು ವಂಶವೃಕ್ಷವನ್ನು ತೋರಿಸುತ್ತಾರೆ. ಅದನ್ನು ಒಪ್ಪಿಕೊಳ್ಳಬೇಕೆ?

ಹಳೇ ದಂಡು

ಒಪ್ಪಿಕೊಳ್ಳಬೇಡಿ. ಪುಟದ ಚಿತ್ರ, ಸಂಪುಟದ ಸಂಖ್ಯೆ, ಹಾಳೆಯ ಸಂಖ್ಯೆ ಕೊಡಲಾಗದ ಹೆಸರನ್ನು ನಿಮ್ಮ ಕಾಗದಕ್ಕೆ ಸೇರಿಸಬಾರದು. ಖಾಲಿ ಜಾಗ ಖಾಲಿಯಾಗಿಯೇ ಇರಲಿ. ಅಲ್ಲಿ ಹುಸಿ ಹೆಸರು ಕುಳಿತರೆ ನಿಜವಾದ ಆಕೆಯನ್ನು ಮುಂದೆ ಯಾರೂ ಹುಡುಕುವುದಿಲ್ಲ.

ಆದರೆ ಹುಡುಕಾಟ ಅಲ್ಲಿಗೇ ಮುಗಿಯಲಿಲ್ಲ. ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಪ್ರಾಂತವಾರು ಉಯಿಲುಗಳ ಸರಣಿಯೂ ಇದೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ಹೆಸರು ಹೇಳದ ಗಂಡಸರು, ಉಯಿಲು ಬರೆಯುವಾಗ ಹೇಳಿದ್ದಾರೆ, ಏಕೆಂದರೆ ಹಣ ಯಾರ ಕೈಗೆ ಸೇರಬೇಕೆಂದು ಸ್ಪಷ್ಟವಾಗಿ ಬರೆಯದಿದ್ದರೆ ಅದು ಸೇರುತ್ತಿರಲಿಲ್ಲ. ತಿಂಗಳಿಗೆ ಇಷ್ಟು ರೂಪಾಯಿ, ಇಂಥ ಹೆಂಗಸಿಗೆ, ನನ್ನ ಮಕ್ಕಳ ತಾಯಿಗೆ ಎಂಬಂಥ ಸಾಲುಗಳನ್ನು ನಾನೇ ಓದಿದ್ದೇನೆ. ಆ ತಂದೆಯ ಸಾವಿನ ವರ್ಷವನ್ನು ಮೊದಲು ಶವಸಂಸ್ಕಾರದ ಪಟ್ಟಿಯಿಂದ ಗೊತ್ತುಮಾಡಿಕೊಂಡು, ಆ ವರ್ಷದಿಂದ ಮುಂದಿನ ಎರಡು ಮೂರು ವರ್ಷಗಳ ಉಯಿಲುಗಳನ್ನು ನೋಡಿ. ತಂದೆ ಬೇಗ ತೀರಿಕೊಂಡಿದ್ದರೆ ಮಗುವನ್ನು ಮದ್ರಾಸಿನ ಅನಾಥಾಲಯಕ್ಕೆ ಕಳುಹಿಸಿರುವ ಸಂಭವವೂ ಇದೆ. ಬ್ರಿಟಿಷ್ ಭಾರತದ ಕುಟುಂಬಗಳ ಚರಿತ್ರೆ ಹುಡುಕುವವರ ಫಿಬಿಸ್ ಸಂಘದ ತಾಣದಲ್ಲಿ ಸದಸ್ಯರಾಗದೆಯೂ ಹೆಸರು ಹುಡುಕಬಹುದು.

ಶವಸಂಸ್ಕಾರದ ಪಟ್ಟಿಗಳನ್ನು ಜನ ಕಡೆಗಣಿಸುತ್ತಾರೆ, ಅದು ತಪ್ಪು. ವಯಸ್ಸು, ಕಸುಬು, ಸಾವಿನ ಕಾರಣ ಎಲ್ಲವೂ ಅಲ್ಲಿರುತ್ತವೆ. ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದಾಗಿನ ಒಂದು ಪುಟದಲ್ಲಿ, ಕಾರಣದ ಅಂಕಣದಲ್ಲಿ ಅದೇ ಪದ ಮೇಲಿನಿಂದ ಕೆಳಗಿನವರೆಗೆ ಇತ್ತು. ಬರೆದವರು ನಾಲ್ಕನೆಯ ಸಾಲಿನ ನಂತರ ಪದವನ್ನು ಬಿಟ್ಟು ಬರೀ ಗೀಟು ಎಳೆದಿದ್ದರು.

ಗಣಿಯೂರಿನವರು

ಕೋಲಾರ ಚಿನ್ನದ ಗಣಿಯ ಕಡೆಯಿಂದ ಒಂದು ವಿನಂತಿ. ದಯವಿಟ್ಟು ಬದುಕಿರುವವರ ಹುಟ್ಟಿದ ದಿನ ಮತ್ತು ಮದುವೆಯ ವಿವರಗಳಿರುವ ಪುಟಗಳನ್ನು ಹಾಗೆಯೇ ಹಾಕಬೇಡಿ. ಪುಟದಲ್ಲಿ ನಿಮ್ಮವರ ಸಾಲಿನ ಪಕ್ಕದಲ್ಲಿ ಬೇರೆ ಮನೆಗಳ ಸಾಲುಗಳಿರುತ್ತವೆ. ಮದುವೆಯಾಗದ ತಾಯಿ, ದತ್ತು, ಜಾತಿಯ ಹೆಸರು ಇವೆಲ್ಲ ಇಂದಿಗೂ ಜನರನ್ನು ನೋಯಿಸಬಲ್ಲವು. ನಿಮ್ಮ ಸಾಲನ್ನಷ್ಟೇ ಕತ್ತರಿಸಿ ಹಾಕಿ.

ಬೆಟಗೇರಿ ಮೊಮ್ಮಗಳು

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಸಭಾಪಾಲಕರು ಮೂರನೆಯ ವಾರದಲ್ಲಿ ಉತ್ತರ ಕೊಟ್ಟರು, ನಾನೂ ನನ್ನ ತಮ್ಮನೂ ಹೋಗಿ ಬಂದೆವು. ಅವರ ಮನೆಯವರು ನಮ್ಮನ್ನು ಊಟ ಮಾಡಿಸದೆ ಕಳುಹಿಸಲಿಲ್ಲ.

1879ರ ದೀಕ್ಷಾಸ್ನಾನದ ಪುಟ ಸಿಕ್ಕಿತು. ಸಾಲಿನ ಮೊದಲ ಅಕ್ಷರ ‘ಜೆ’. ಬಲ್ಮಠದ ಹಿರಿಯರು ಹೇಳದೆ ಇದ್ದಿದ್ದರೆ ನಾನು ಆ ಹೆಸರನ್ನು ದಾಟಿ ಮುಂದೆ ಹೋಗುತ್ತಿದ್ದೆ, ಅದರಲ್ಲಿ ನನಗೆ ಸಂಶಯವಿಲ್ಲ. ಹೊಸ ಹೆಸರು ಅದರ ಪಕ್ಕದಲ್ಲಿದೆ, ಬೈಬಲಿನಲ್ಲಿರುವುದೇ. ವಯಸ್ಸು ‘ಸುಮಾರು 9’. ತಂದೆತಾಯಿಯ ಜಾಗದಲ್ಲಿ ಒಂದು ಅಡ್ಡಗೆರೆ ಮಾತ್ರ. ನೀವು ಎಚ್ಚರಿಸಿದ್ದರಿಂದ ನಾನು ಎದೆಗುಂದಲಿಲ್ಲ. ಮದುವೆಯ ಪುಸ್ತಕಕ್ಕೆ ಹೋದೆವು. 1893ರಲ್ಲಿ ಇತ್ತು. ತಂದೆಯ ಹೆಸರಿನ ಅಂಕಣದಲ್ಲಿ ಕನ್ನಡದಲ್ಲೇ, ಗುಂಡಾದ ಅಕ್ಷರಗಳಲ್ಲಿ, ಒಂದು ಹೆಸರಿದೆ. ನಮ್ಮ ಮನೆಯಲ್ಲಿ ಯಾರೂ ಆ ಹೆಸರನ್ನು ಇದುವರೆಗೆ ಕೇಳಿರಲಿಲ್ಲ. ಒಂಬತ್ತು ವರ್ಷದ ಹುಡುಗ ಅದನ್ನು ಹದಿನಾಲ್ಕು ವರ್ಷ ನೆನಪಿಟ್ಟುಕೊಂಡಿದ್ದ. ತಮ್ಮ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ.

ಸಾಕ್ಷಿಗಳು ಇಬ್ಬರು. ಒಬ್ಬರು ಆ ಸಭೆಯ ಉಪದೇಶಿ. ಇನ್ನೊಬ್ಬರು ಸಹಿಯ ಬದಲು ಹೆಬ್ಬೆಟ್ಟು ಒತ್ತಿದ್ದಾರೆ, ಪಕ್ಕದಲ್ಲಿ ಬೇರೆಯವರ ಕೈಯಲ್ಲಿ ಅವರ ಹೆಸರೂ ‘ಗುಳೇದಗುಡ್ಡ’ ಎಂಬ ಊರೂ ಇವೆ. ಅವರ ಹೆಸರಿನ ಮುಂದಿರುವ ಮನೆತನದ ಹೆಸರು, ತಂದೆಯ ಅಂಕಣದಲ್ಲಿರುವ ಮನೆತನದ ಹೆಸರೇ. ಗುಳೇದಗುಡ್ಡದ ಸಭೆಯ 1880ರಿಂದ 1900ರವರೆಗಿನ ಪುಸ್ತಕಗಳು ಈಗ ಯಾರ ಬಳಿ ಇವೆ ಎಂದು ತಿಳಿದವರು ಇದ್ದರೆ ಬರೆಯಿರಿ. ಮುಂದಿನ ತಿಂಗಳು ಆ ಕಡೆ ಹೋಗುವವಳಿದ್ದೇನೆ.